ಇಪ್ಪತ್ತೊಂದು ಮರ, ಒಂದು ಉಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರ್ಸರಿಯ ಹಿಂದಿನ ಇಳಿಜಾರಿನಲ್ಲಿ ಐವತ್ತೊಂಬತ್ತರ ಹೆಂಗಸೊಬ್ಬರು ಮೊಣಕಾಲೂರಿ ಕೂತು ಮರದ ಬುಡದ ಮಣ್ಣನ್ನು ಕರಣೆಯಿಂದ ಕೆರೆಯುತ್ತಿದ್ದಾರೆ. ಒಂದು ಗೇಣು ಆಳಕ್ಕೆ ಹೋದಾಗ ಕೈ ನಿಲ್ಲುತ್ತದೆ. ಮುಂಗೈ ದಪ್ಪದ ಬೇರೊಂದು ಹೊರಕ್ಕೆ ಚಾಚುವ ಬದಲು ಕಾಂಡವನ್ನೇ ಸುತ್ತಿ ಬಿಗಿದಿದೆ.

"ಸಿಕ್ಕಿದ್ಯಾ? ಎಷ್ಟು ವರ್ಷದಿಂದ ಕುತ್ತಿಗೆ ಹಿಸುಕ್ತಿದ್ದೀಯೋ, ಪಾಪಿ!"

ಬೇರಿನ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಏಟು ಕಾಂಡಕ್ಕೆ ತಾಗಿದರೆ ಮರ ಹೋಯಿತು. ಒಂದು ಬೇರು ತುಂಡಾಗಲು ಒಂದೂವರೆ ಗಂಟೆ ಬೇಕು. ಈ ಕೆಲಸ ಹಿಡಿದ ಮೇಲೆ ಸುತ್ತಲಿನವರಿಗೆ ಅವರು ಬೇರಕ್ಕ.

ಇವು ಕಡಲಾಚೆಯ ದೇಶದ ಬೆಟ್ಟಗಳ ಸಿಕ್ವೋಯಾ ಮರಗಳು. ತವರಿನಲ್ಲಿ ಮೂರು ಸಾವಿರ ವರ್ಷ ಬಾಳಿದವೂ ಇವೆ. ಇಲ್ಲಿಯವಕ್ಕೆ ಇಪ್ಪತ್ನಾಲ್ಕು. ನೆಟ್ಟದ್ದು ನಲವತ್ತೊಂದು, ಮೊದಲ ಬೇಸಿಗೆಗಳಲ್ಲೇ ಒಂಬತ್ತು ಒಣಗಿದವು. ಕಳೆದೆರಡು ವರ್ಷದಲ್ಲಿ ತುದಿ ಒಣಗಿ ವಾಲಿದ ಹನ್ನೊಂದನ್ನು ಕಡಿದರು. ಉಳಿದಿರುವುದು ಇಪ್ಪತ್ತೊಂದು.

ಎಲ್ಲವೂ ಬೇರಕ್ಕನ ಕೈಯಲ್ಲೇ ಮೊಳೆತವು. ಬೀಜ ಎಳ್ಳಿನಷ್ಟು, ಊದಿದರೆ ಹಾರಿಹೋಗುವಷ್ಟು ಹಗುರ. ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳು ಚಳಿಯಲ್ಲಿಟ್ಟರಷ್ಟೇ ಕಣ್ಣು ಬಿಡುತ್ತದೆ. ನರ್ಸರಿಯಲ್ಲಿ ಫ್ರಿಜ್ ಇರಲಿಲ್ಲ. ಮನೆಯ ಫ್ರಿಜ್ಜಿನಲ್ಲಿ ಹಾಲು ಹೊರಗೆ ಬಂತು, ಮರಳಿನ ಡಬ್ಬಿ ಒಳಗೆ ಹೋಯಿತು.

"ಹಾಲು ಒಡೆದ್ರೆ ಪರವಾಗಿಲ್ಲ, ಬೀಜ ಬೆವರಬಾರ್ದು. ಈ ಮನೇಲಿ ನನ್ನ ಸ್ಥಾನ ಅವತ್ತೇ ಗೊತ್ತಾಯ್ತು," ಎಂದು ಗಂಡ ಈಗಲೂ ಚುಚ್ಚುತ್ತಾರೆ. ಬಡಗಿಯಾಗಿದ್ದವರು. ಲಕ್ವ ಹೊಡೆದು ಎಡಗೈ ಬಿದ್ದುಹೋಗಿದೆ. ಹೆಂಡತಿ ಉಳಿಯನ್ನು ಹಲಗೆಗೆ ಒತ್ತಿ ಹಿಡಿದರೆ, ಅವರು ಬಲಗೈಯಲ್ಲಿ ಸಾಣೆಕಲ್ಲು ಉಜ್ಜಿ ಹರಿತ ಮಾಡಿಕೊಡುತ್ತಾರೆ.

ಸಾವಿರ ಬೀಜಕ್ಕೆ ಇನ್ನೂರು ಮೊಳೆತವು. ಬೂಷ್ಟು ತಿಂದು ಉಳಿದದ್ದು ನಲವತ್ತೊಂದು. ನೋಡಲು ಬಂದವರೆಲ್ಲ ಎತ್ತರ ಹೊಗಳುತ್ತಿದ್ದರು. ಬೇರಕ್ಕ ಆ ಹೊಗಳಿಕೆಗೆ ಉಬ್ಬಿ, ನೆಲಕ್ಕೆ ನೆಡದೆ, ದೊಡ್ಡ ಚೀಲಕ್ಕೂ ಬದಲಿಸದೆ, ಸಣ್ಣ ಪ್ಲಾಸ್ಟಿಕ್ ಚೀಲದಲ್ಲೇ ಎರಡು ವರ್ಷ ಹೆಚ್ಚಿಗೆ ಇಟ್ಟುಕೊಂಡರು. ಹೋಗಲು ಜಾಗವಿಲ್ಲದ ಬೇರು ಒಳಗೊಳಗೇ ಸುತ್ತಿಕೊಂಡಿತು. ನೆಡುವಾಗ ಆ ಸುತ್ತನ್ನು ಚಾಕುವಿನಿಂದ ಸೀಳಬೇಕು. ಬೇರಕ್ಕನಿಗೆ ಅದು ಗೊತ್ತಿತ್ತು.

"ಚಾಕು ಕೈಯಲ್ಲೇ ಇತ್ತು. ಮನಸ್ಸು ಬರ್ಲಿಲ್ಲ. ಅಷ್ಟು ಕಷ್ಟಪಟ್ಟು ಸಾಕಿದ್ದಕ್ಕೆ ಚಾಕು ಹೇಗೆ ಹಾಕೋದು ಹೇಳಿ? ಹಾಗೇ ಇಟ್ಟು ಮಣ್ಣು ಮುಚ್ಚಿದೆ."

ಮರ ದಪ್ಪವಾದಂತೆ ಸುತ್ತಿದ ಬೇರೂ ದಪ್ಪವಾಯಿತು. ಇಪ್ಪತ್ತು ವರ್ಷ ಯಾರಿಗೂ ಏನೂ ಕಾಣಲಿಲ್ಲ. ಬಿದ್ದ ಮೊದಲ ಮರದ ಬುಡ ನೋಡಿದ ದಿನ ಬೇರಕ್ಕ ಊಟ ಮಾಡಲಿಲ್ಲ.

ಇಂದಿನದು ಹದಿನೈದನೆಯ ಬುಡ. ಹಿಂದಿನ ಹದಿನಾಲ್ಕರಲ್ಲಿ ಆರು ಉಳಿಯಬಹುದು. ಐದರಲ್ಲಿ ಬೇರು ಕಾಂಡದೊಳಗೇ ಹೂತುಹೋಗಿದೆ. ಅವಕ್ಕೆ ಮಣ್ಣು ಮುಚ್ಚಿ ಎದ್ದು ಬಂದಿದ್ದಾರೆ. ಮೂರು ಮಾತ್ರ ಗಟ್ಟಿಮುಟ್ಟಾಗಿವೆ. "ಆ ಮೂರರ ಚೀಲ ಹೆಗ್ಗಣ ಕಡಿದಿತ್ತು. ಬೇರು ಹೊರಗೆ ಹೋಗಿ ಬದುಕಿಕೊಂಡ್ವು. ಹೆಗ್ಗಣಕ್ಕಿದ್ದ ಬುದ್ಧಿ ನನಗಿರ್ಲಿಲ್ಲ."

ಒಂದು ಮರಕ್ಕೆ ಎರಡು ದಿನ. ಇನ್ನೂ ಆರು ಬಾಕಿ. ಉಳಿದವನ್ನೂ ಕಡಿಯಲು ಕಚೇರಿ ಗೊತ್ತುಮಾಡಿದವರು ಬರಲು ಎಂಟೇ ದಿನ.

ಒಂಬತ್ತು ಗಂಟೆಗೆ ಮೇಲ್ವಿಚಾರಕರು ಕಾಗದ ಹಿಡಿದು ಇಳಿಜಾರು ಇಳಿಯುತ್ತಾರೆ. ಕಚೇರಿಯ ವರದಿಯದು: ಈ ಜಾತಿಗೆ ಇಲ್ಲಿಯ ಹವೆ ಒಗ್ಗಿಲ್ಲ, ಎಲ್ಲವನ್ನೂ ತೆಗೆಯುವುದು, ಮುಂದೆ ಬೆಳೆಸದಿರುವುದು. ಕೆಳಗೆ ಆರೈಕೆಯವರ ಸಹಿಗೆ ಜಾಗ.

"ಸಹಿ ಹಾಕಿಬಿಡಿ ಬೇರಕ್ಕ. ಯಾರ ತಲೆಗೂ ಬರಲ್ಲ."

"ಹವೆ ಏನು ಮಾಡಿತ್ತು ಸಾರ್, ಪಾಪ? ಆ ಮೂರು ಮರ ಬೇರೆ ಹವೆಯಲ್ಲಿ ನಿಂತಿವೆಯಾ?"

"ನಿಮ್ಮದು ನೌಕರಿಯ ಕೊನೇ ವರ್ಷ. ನಿಜ ಹೇಳ್ತೀನಿ ಅಂತ ಹೊರಟ್ರೆ ತನಿಖೆ ಅಂತ ಕೂರಿಸ್ತಾರೆ."

"ಕೂರಿಸ್ಲಿ. ಮೊಣಕಾಲಿಗೂ ಸ್ವಲ್ಪ ಆರಾಮ ಸಿಗ್ಲಿ."

ಮೇಲ್ವಿಚಾರಕರಿಗೆ ನಗು ಬರುವುದಿಲ್ಲ. ಬೇರಕ್ಕ ಅಂಗೈ ಮಣ್ಣನ್ನು ಸೀರೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಳ್ಳುತ್ತಾರೆ. ಹವೆಯ ಸಾಲಿಗೆ ಅಡ್ಡಗೆರೆ ಎಳೆದು, ದುಂಡು ಅಕ್ಷರದಲ್ಲಿ ಬರೆಯುತ್ತಾರೆ: ನೆಡುವಾಗ ಸುತ್ತಿದ ಬೇರನ್ನು ನಾನು ಸೀಳಲಿಲ್ಲ. ತಪ್ಪು ನನ್ನದು. ಕೆಳಗೆ ಸಹಿ. ಮೇಲ್ವಿಚಾರಕರು ಅದನ್ನು ಎರಡು ಸಲ ಓದಿ, ಮಡಚಿ, ಇಳಿಜಾರು ಹತ್ತಿಹೋಗುತ್ತಾರೆ. ಮರಗಳನ್ನು ಬಿಡುತ್ತಾರೋ ಕಡಿಯುತ್ತಾರೋ, ಅವರ ಬೆನ್ನು ನೋಡಿದರೆ ಗೊತ್ತಾಗುವುದಿಲ್ಲ.

"ಒಂಬತ್ತು ಉಳಿಯುತ್ತೋ, ಒಂದೂ ಉಳಿಯಲ್ವೋ," ಎನ್ನುತ್ತಾ ಬೇರಕ್ಕ ಮತ್ತೆ ಕೂರುತ್ತಾರೆ. "ನನ್ನ ಜಾಗಕ್ಕೆ ಬರೋರು ಈ ಬೀಜ ಹಾಕೋಕೆ ಹೆದರಬಾರ್ದು, ಅಷ್ಟೇ. ಹಾಕ್ಲಿ, ಸಾಕ್ಲಿ. ನೆಡೋ ದಿನ ಮಾತ್ರ ಮುದ್ದು ಮಾಡ್ಬಾರ್ದು."