ನಂಬರ್ ಹಾಕಿದ ಬೇವು

ಬೇವಿನ ಟೊಂಗೆಗಳನ್ನು ತುದಿಯಿಂದ ಒಣಗಿಸುವ ಶಿಲೀಂಧ್ರ ರೋಗದ ಮೇಲೆ ನನ್ನ ಸಂಶೋಧನೆ. ಕಮಲಾಪುರದ ಹೊಲವೊಂದರ ಬದುವಿನಲ್ಲಿದ್ದ ಏಳು ಮರಗಳಿಗೆ ನಾನೇ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದೆ. ತಿಂಗಳಿಗೊಮ್ಮೆ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿ, ಟೊಂಗೆಯ ಚೂರು ತಂದು, ಪ್ರಯೋಗಾಲಯದಲ್ಲಿ ಬೂಷ್ಟು ಬೆಳೆಸುತ್ತಿದ್ದೆ.

ಮೊದಲು ಒಂದೇ ಮರಕ್ಕಿದ್ದ ರೋಗ ಎರಡನೇ ವರ್ಷ ಏಳಕ್ಕೂ ಹಬ್ಬಿತು. ಬರೆಯಲು ಬೇಕಾದಷ್ಟು ಸಿಕ್ಕಿತೆಂದು ನಾಚಿಕೆಯಿಲ್ಲದೆ ಖುಷಿಪಟ್ಟೆ. ಆಗ ಹೊಲದೊಡತಿ ಚಹಾ ಕೊಡುತ್ತ ಹೇಳಿದರು:

"ಮೊದಲೆಲ್ಲ ಒಣಗಿದ ಟೊಂಗಿ ಕಡದು ಸುಡ್ತಿದ್ವಿರೀ ಮೇಡಂ. ನೀವು ನಂಬರ್ ಹಾಕಿದ ಮ್ಯಾಲ ಸರ್ಕಾರದ ಮರ ಆದ್ವಲ್ರೀ, ಮುಟ್ಟೇ ಇಲ್ಲ ನೋಡ್ರಿ."

ರಸ್ತೆಬದಿಯ ಸರ್ಕಾರಿ ಮರಗಳಿಗೂ ಹೀಗೇ ನಂಬರ್ ಇರುತ್ತದೆ. ಅಷ್ಟು ಓದಿದ ನನ್ನ ತಲೆಗೆ ಅದು ಹೊಳೆದಿರಲಿಲ್ಲ. ಈಗ ಕಡಿಯಿರಿ ಎಂದರೆ ಎರಡು ವರ್ಷದ ಕೆಲಸ ಮಣ್ಣುಪಾಲು. ಸುಮ್ಮನಿದ್ದರೆ ಮರಗಳೇ ಹೋಗುತ್ತವೆ. ಪ್ರಬಂಧಕ್ಕೆ ಇನ್ನೊಂದು ಮಳೆಗಾಲದ ಮಾಹಿತಿ ಬೇಕೇ ಬೇಕು ಎಂದು ನನ್ನ ಗೈಡ್ ಹಿಂದಿನ ದಿನವಷ್ಟೇ ಹೇಳಿದ್ದರು.

"ಈಗರ ಕಡಸ್ಲೇನ್ರೀ?" ಎಂದು ಅವರು ಕೇಳಿದರು.

ನಾನು ಚೀಲದಿಂದ ಬಣ್ಣದ ಡಬ್ಬಿ ತೆಗೆದು, ಮಾಸಿದ್ದ ನಂಬರುಗಳನ್ನು ಒಂದೊಂದಾಗಿ ತಿದ್ದಿ ಬಂದೆ.