ಶೆಡ್ಡಿನೊಳಗೆ ಓಡುತ್ತಿದ್ದ ಎಂಜಿನ್

ಇದು ಕಳೆದ ಬೇಸಿಗೆಯಲ್ಲಿ ನಡೆದದ್ದು. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕಿಯಾಗಿ ನಿವೃತ್ತಳಾಗಿ ಶಹಾಬಾದದ ಮನೆಯಲ್ಲಿದ್ದೆ. ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಹತ್ತಿರದ ಶಾಲೆಯ ಗುರುಗಳು ಬಂದು, "ಮೇಡಂ, ಮೂರನೇ ಕ್ಲಾಸಿನ ಮಕ್ಕಳಿಗಿ ಕಾರು ಹ್ಯಾಂಗ ಓಡ್ತದ ಅಂತ ಒಂದೀಟು ಹೇಳ್ರಿ" ಎಂದಾಗ ಕುಣಿದುಕೊಂಡು ಹೋದೆ. ಬಿಸಿಲಿಗೆ ಹೆದರಿ ಬೆಳಗಿನ ಶಾಲೆ ನಡೆಸುತ್ತಿದ್ದರು.

ಮಕ್ಕಳ ಮುಂದೆ ಸೈಕಲ್ ಪಂಪು ಹಿಡಿದೆ. "ಈ ಕೊಳವಿ ಸಿಲಿಂಡರ್. ಒಳಗ ಮ್ಯಾಲ ಕೆಳಗ ಆಡ್ತದಲ್ಲ, ಅದು ಪಿಸ್ಟನ್" ಎಂದೆ. ಪಿಸ್ಟನ್ ಕೆಳಗಿಳಿದಾಗ ಗಾಳಿ, ಪೆಟ್ರೋಲ್ ಒಳಗೆ ಬರುತ್ತವೆ. ಮೇಲೇರಿ ಅವನ್ನು ಒತ್ತುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಪೆಟ್ರೋಲ್ ಢಂ ಎಂದು ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ನಾವು ಪೆಡಲ್ ತುಳಿದಂತೆ ಆ ಒತ್ತಡವೇ ಗಾಲಿ ತಿರುಗಿಸುತ್ತದೆ. ಕೊನೆಗೆ ಪಿಸ್ಟನ್ ಮತ್ತೆ ಮೇಲೆ ಬಂದು ಸುಟ್ಟ ಹೊಗೆಯನ್ನು ಸೈಲೆನ್ಸರ್ ಕಡೆಗೆ ದಬ್ಬುತ್ತದೆ. ಎಳಿ, ಒತ್ತು, ಸಿಡಿ, ದಬ್ಬು! ಮಕ್ಕಳು ಕೂತು ಎದ್ದು ಕೂಗುತ್ತಾ ಇಡೀ ಕೋಣೆಯನ್ನೇ ಎಂಜಿನ್ ಮಾಡಿಬಿಟ್ಟರು.

ಸುಜಾತಾ ಎಂಬ ಹುಡುಗಿ ಮಾತ್ರ ಕೂಗಲಿಲ್ಲ.

"ಮೇಡಂ, ಬಾಗಿಲಾ ಮುಚ್ಚಿದ್ರ ಆ ಹೊಗಿ ಎಲ್ಲಿ ಹೋಗ್ತದ್ರಿ?"

"ಯಾವ ಬಾಗಿಲಾ?"

"ನಮ್ಮ ಶೆಡ್ಡಿಂದ್ರಿ. ಪಪ್ಪ ರಾತ್ರಿ ಟ್ಯಾಕ್ಸಿ ಡ್ಯೂಟಿ ಮಾಡಿ ಬಂದು ಕಾರಿನಾಗ ಏಸಿ ಹಚ್ಕೊಂಡು ಮಲ್ಕೊಂಡಾನ್ರಿ. ಕಲ್ಲಿನ ಧೂಳ ಬರ್ತದಂತ ಬಾಗಿಲಾ ಹಾಕ್ಯಾನ."

"ಯಾವಾಗವ್ವ?"

"ಈಗ್ರಿ. ನಾ ಸಾಲಿಗಿ ಬರೋಮುಂದ."

ಪಂಪನ್ನು ಅಲ್ಲೇ ಬಿಟ್ಟೆ. ಎಂಜಿನ್ ಓಡದೆ ಆ ಏಸಿ ತಂಪು ಕೊಡುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಗುರುಗಳಿಗೆ ಸುಜಾತಾಳ ಮನೆ ಗೊತ್ತಿತ್ತು. ಅವರ ಬೈಕಿನ ಹಿಂದೆ ಹಾರಿ ಕೂತೆ.

ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆ, ಹಾಸುಗಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಶೆಡ್ಡು. ಒಳಗಿನಿಂದ ಎಂಜಿನ್ ಸದ್ದು ಕೇಳುತ್ತಿತ್ತು, ಸಣ್ಣಗೆ, ಒಂದೇ ಸಮನೆ. ಜೀವಮಾನವೆಲ್ಲ ಆ ಸದ್ದಿನ ನಡುವೆಯೇ ಬದುಕಿದವಳು ನಾನು; ಅಂದು ಮಾತ್ರ ಅದು ನಿಂತರೆ ಸಾಕು ಎನಿಸಿತು. ತಗಡಿನ ಬಾಗಿಲಿಗೆ ಒಳಗಿನಿಂದ ಚಿಲಕ. ಕಾರ್ಖಾನೆಯವರು ಹಾರೆ ತಂದು ಮೀಟಿ ಬಾಗಿಲನ್ನು ಪೂರ್ತಿ ತೆರೆದರು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಕಾರಿನ ಗಾಜು ಒಡೆದು, ಸುಜಾತಾಳ ಅಪ್ಪನನ್ನು ಬಯಲಿಗೆ ಎಳೆದು ತಂದರು. ಕೆನ್ನೆ ತಟ್ಟಿದೆ. ಕಣ್ಣು ಬಿಡಲಿಲ್ಲ. ಮುಗಿದೇಹೋಯಿತು, ಆ ಮಗುವಿಗೆ ಏನು ಹೇಳಲಿ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಮಧ್ಯಾಹ್ನ ಕಣ್ಣು ಬಿಟ್ಟ.

"ಎಂಜಿನ್ ಚಾಲೂ ಇಟ್ಟು ಬಾಗಿಲಾ ಹಾಕ್ತಾರೇನಪಾ?" ಎಂದು ಗದರಿದೆ.

"ಕಾರಿನ ಗ್ಲಾಸ್ ಏರಿಸಿದ್ದೆರಿ ಮೇಡಂ. ಹೊಗಿ ಒಳಗ ಬರಂಗಿಲ್ಲ ಅಂದ್ಕೊಂಡಿದ್ದೆ."

ದಿನಾ ಸ್ಟೇರಿಂಗ್ ಹಿಡಿಯುವವನ ಮಾತಿದು! ಗಾಜು ಏರಿಸಿದರೂ ಸಂದುಗಳಿಂದ ಹೊಗೆ ಒಳಗೆ ಬರುತ್ತದೆಂದು ಬಿಡಿಸಿ ಹೇಳಿದೆ.

ಕೆಲವು ದಿನ ಬಿಟ್ಟು ಮತ್ತೆ ಶಾಲೆಗೆ ಹೋದೆ. "ಎಂಜಿನ್ ಎಷ್ಟು ಕೆಲಸ ಮಾಡ್ತದ?" ಎಂದೆ. "ನಾಕ್ರಿ!" ಎಂದು ಎಲ್ಲರೂ ಕೂಗಿದರು.

ಸುಜಾತಾ ಎದ್ದು ನಿಂತಳು. "ನಾಕು ಅದು ಮಾಡ್ತದ್ರಿ. ಐದನೇದು ನಾವು ಮಾಡ್ಬೇಕು. ಬಾಗಿಲಾ ತಗೀಬೇಕು."

ವೃತ್ತಿಯುದ್ದಕ್ಕೂ ನಾನು ಯಂತ್ರದ ಕೆಲಸವನ್ನೇ ಕಲಿಸಿದ್ದೆ. ಮನುಷ್ಯರ ಪಾಲಿನ ಕೆಲಸ ಯಾವುದೆಂದು ನಿವೃತ್ತಳಾದ ಮೇಲೆ ಕಲಿತೆ. ಈಗ ನನ್ನ ಪಾಠ ಆ ಐದನೆಯದರಿಂದಲೇ ಶುರುವಾಗುತ್ತದೆ.