ಎಂಟನೆಯ ಎಮ್ಮೆ, ಎಡಕ್ಕೆ ಬಿದ್ದ ಹೂವು

2023ರಲ್ಲಿ ನಾನು ಹಳಿಯಾಳ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ನೋಡಿದ ಪ್ರತಿ ಪ್ರಕರಣವನ್ನೂ ದಿನಾಂಕ ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಅಲ್ಲಿಯವರೆಗೆ ಎಮ್ಮೆಗಳಲ್ಲಿ ಏಳು ಟಾರ್ಷನ್ ನೋಡಿದ್ದೆ. ಟಾರ್ಷನ್ ಎಂದರೆ ದಿನ ತುಂಬಿದ ಗರ್ಭಕೋಶ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವುದು. ಕರುವಿಗೆ ಹೊರಬರುವ ದಾರಿಯೇ ಮುಚ್ಚುತ್ತದೆ. ಎಮ್ಮೆಗಳಲ್ಲಿ ಹೆಚ್ಚಾಗಿ ಬಲಕ್ಕೆ ತಿರುಚುತ್ತದೆ. ನಾನು ನೋಡಿದ ಏಳೂ ಬಲಕ್ಕೇ ತಿರುಚಿದ್ದವು.

ಜುಲೈನ ಒಂದು ಬೆಳಿಗ್ಗೆ ಗಂಗವ್ವ ಎಂಬ ರೈತ ಮಹಿಳೆಯ ಮನೆಯಿಂದ ಫೋನ್ ಬಂತು. ಎಮ್ಮೆ ಈಯಲಾಗದೆ ಹಿಂದಿನ ಸಂಜೆಯಿಂದ ತಿಣುಕುತ್ತಿತ್ತು. ನಾನು ತಲುಪಿದಾಗ ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಪಕ್ಕದ ಬಸವಣ್ಣನ ಗುಡಿಯಲ್ಲಿ ಹೂವು ಕೇಳುತ್ತಿದ್ದರು. ಮೂರ್ತಿಗೆ ಹೂವು ಏರಿಸಿ ಪ್ರಶ್ನೆ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ.

"ಎಮ್ಮಿ, ಕರ ಎರಡೂ ಉಳೀತಾವೇನಂತ ಕೇಳಿದ್ನಿರಿ ಸಾಹೇಬ್ರ, ಎಡಕ್ಕ ಬಿತ್ತು," ಎಂದರು ಕೊಟ್ಟಿಗೆಗೆ ಮರಳಿದ ಗಂಗವ್ವ. ಎಮ್ಮೆ ಅವರ ತವರಿನ ತಳಿ, ಮನೆಯಲ್ಲಿ ಉಳಿದ ಕೊನೆಯದು. ಹೆಣ್ಣುಗರು ಹುಟ್ಟಿದರೆ ತಳಿ ಮುಂದುವರಿಯುತ್ತದೆ ಎಂದು ಕಾದಿದ್ದರು.

ನಾನು ನಕ್ಕೆ. "ಹೂವು ಗಾಳಿಗೆ ಬೀಳ್ತೈತಿ ಯವ್ವಾ. ಅದಕ್ಕೇನ್ ಗೊತ್ತು ಎಡ, ಬಲ?"

ಅವರ ಮೈದುನ ಬಸಪ್ಪ ಬಿಡಲಿಲ್ಲ. "ಆ ಗಾಳಿ ಬೀಸಾವ್ರು ಯಾರ್ರಿ ಮತ್ತ? ನಿಮ್ಮ ದವಾಖಾನಿ ಫ್ಯಾನೇನು?"

ಗಂಗವ್ವ ಗದರಿದರು. "ಸುಮ್ನಿರೋ. ಇವರನ್ನ ಕಳಿಸಿದಾಂವನೂ ಅವನ. ನೀವು ನೋಡ್ರಿ ಸಾಹೇಬ್ರ."

ಟಾರ್ಷನ್‌ನಲ್ಲಿ ಕೈ ಒಳಗಿಟ್ಟು, ಕರು ಬರುವ ದಾರಿಯ ಮಡಿಕೆಗಳು ಯಾವ ಕಡೆಗೆ ಸುತ್ತಿವೆ ಎಂದು ನಿಧಾನವಾಗಿ ತಿಳಿಯಬೇಕು. ಎಮ್ಮೆಯನ್ನು ಕೆಡವಿ, ಗರ್ಭಕೋಶ ಅಲುಗದಂತೆ ಹೊಟ್ಟೆಯ ಮೇಲೆ ಹಲಗೆ ಒತ್ತಿ ಹಿಡಿದು, ತಿರುಚಿದ ಕಡೆಗೇ ಮೈಯನ್ನು ಉರುಳಿಸಬೇಕು. ವಿರುದ್ಧ ಕಡೆಗೆ ಉರುಳಿಸಿದರೆ ತಿರುಚು ಇನ್ನೂ ಬಿಗಿಯುತ್ತದೆ. ಕೈ ಹಾಕಿದೆ. ಮಡಿಕೆ ಸಿಕ್ಕಿತು, ಟಾರ್ಷನ್ನೇ. ಎಮ್ಮೆ ಒದ್ದಾಡಿತು. ದಿಕ್ಕು ಸ್ಪಷ್ಟವಾಗುವ ಮೊದಲೇ ಕೈ ತೆಗೆದು, "ಬಲಕ್ಕೆ," ಎಂದೆ.

ಮೂರು ಸಲ ಉರುಳಿಸಿದೆವು. ಮತ್ತೆ ಕೈ ಹಾಕಿದರೆ ಮೊದಲು ಹೋದಷ್ಟೂ ಒಳಗೆ ಹೋಗಲಿಲ್ಲ. ಈ ಸಲ ಕಣ್ಣು ಮುಚ್ಚಿ, ಬೆರಳನ್ನೇ ನಂಬಿ ನೋಡಿದೆ. ತಿರುಚಿದ್ದು ಎಡಕ್ಕೆ. ಹಗ್ಗ ಬದಲಿಸಿ ಎಡಕ್ಕೆ ಉರುಳಿಸಿದೆವು. ನಾಲ್ಕನೆಯ ಸಲಕ್ಕೆ ಬಿಚ್ಚಿಕೊಂಡಿತು. ಎಮ್ಮೆ ಉಳಿಯಿತು. ಕರು ಸತ್ತೇ ಹೊರಬಂತು. ಹೆಣ್ಣುಗರು.

ಗಂಗವ್ವ ಅದರ ಮೂತಿ ಒರೆಸುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನೇ ಸಮಾಧಾನ ಮಾಡಿದರು. "ಅಂವ ಮೊದಲ ಹೇಳಿದ್ನಲ್ಲರಿ, ಎರಡೂ ಉಳ್ಯಾಂಗಿಲ್ಲಂತ. ನೀವರ ಏನ್ ಮಾಡ್ತೀರಿ?"

ನನ್ನ ತಲೆ ತಾನಾಗಿ ಹೌದೆಂದು ಆಡಿತು. ಮುಂಜಾನೆ ಯಾವ ಹೂವಿಗೆ ನಕ್ಕಿದ್ದೆನೋ ಅದರ ಹಿಂದೆಯೇ ಅಡಗಲು ಹೊರಟಿದ್ದೆ. ಆ ನಾಚಿಕೆಯಿಂದಲೇ ಬಾಯಿ ಬಿಟ್ಟೆ. "ಇಲ್ಲ ಯವ್ವಾ. ಮೊದಲು ನಾ ಸರಿಯಾಗಿ ನೋಡ್ಲಿಲ್ಲ. ಹಿಂದಿನವು ಏಳೂ ಬಲಕ್ಕಿದ್ವು, ಇದೂ ಬಲಕ್ಕ ಇರ್ತೈತಿ ಅಂದ್ಕೊಂಡೆ. ಕರ ಮೊದಲ ಸತ್ತಿತ್ತೋ, ನನ್ನಿಂದ ಸತ್ತಿತೋ, ಗೊತ್ತಿಲ್ಲ."

ಬಸಪ್ಪ ಹಗ್ಗ ಸುತ್ತುವುದನ್ನು ನಿಲ್ಲಿಸಿದರು. ಗಂಗವ್ವ ತಲೆ ಎತ್ತಲಿಲ್ಲ.

"ಅಂದ್ರ ನೀವೂ ನೋಡದ ಹೇಳಿದ್ರಿ," ಎಂದರು. "ಹಂಗಿದ್ರ ನನ್ನ ಹೂವಿಗೆ ನಕ್ಕಿದ್ದು ಯಾಕ?"

ನಾನು ಪುಸ್ತಕ ತೆಗೆದು, ದಿನಾಂಕ ಹಾಕಿ, ಎಂಟನೆಯದು ಎಡಕ್ಕೆ ಎಂದು ಬರೆದೆ.

ಗಾಳಿಯ ಹಿಂದೆ ಯಾರಿದ್ದಾರೆ ಎಂಬುದನ್ನು ವಿಜ್ಞಾನ ನನಗೆ ಹೇಳಿಕೊಟ್ಟಿಲ್ಲ. ನಾನು ಅದರ ಬಗ್ಗೆ ಮಾತಾಡುವುದೂ ಇಲ್ಲ. ಲೆಕ್ಕ ಏಳು ಎಮ್ಮೆಗಳ ಬಗ್ಗೆ ಹೇಳುತ್ತದೆ, ಎಂಟನೆಯದನ್ನು ಕೈಯೇ ಹೇಳಬೇಕು. ದೇವರಿಚ್ಛೆ ಎನ್ನುವ ಹಕ್ಕು ಕರು ಕಳೆದುಕೊಂಡ ಗಂಗವ್ವನಿಗೆ ಇದೆ. ಕೈಯನ್ನು ಬೇಗ ಹೊರತೆಗೆದ ನನಗಿಲ್ಲ.